ಛತ್ರದಲ್ಲಿ ಎಡೆಯುಂಟೇ?
ಜನವಾದ್ಯವೃಂದಗಳ ಕ್ರಿಸ್ಮಸ್ ಸಂಗೀತಸಭೆ: ಒಂದು ವಿಮರ್ಶೆ

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳ ಪಟ್ಟಣ ಪಟ್ಟಣಗಳಲ್ಲಿ ಊರಿನ ಜನವಾದ್ಯವೃಂದದ ಕ್ರಿಸ್ಮಸ್ ಸಂಗೀತಸಭೆಗೆ ಸಿದ್ಧತೆ ಆರಂಭವಾಗುತ್ತದೆ. ಜನವಾದ್ಯವೃಂದವೆಂದರೆ ಸಂಬಳಕ್ಕಾಗಿ ನುಡಿಸುವ ಕಲಾವಿದರ ಮೇಳವಲ್ಲ. ಶಾಲೆಯ ಶಿಕ್ಷಕಿ, ಅಂಚೆ ಕಚೇರಿಯ ಗುಮಾಸ್ತ, ಆಸ್ಪತ್ರೆಯ ದಾದಿ, ನಿವೃತ್ತ ಎಂಜಿನಿಯರ್, ಕಾಲೇಜಿನ ವಿದ್ಯಾರ್ಥಿ ಇಂಥವರೆಲ್ಲ ವಾರಕ್ಕೊಂದು ಸಂಜೆ ಶಾಲೆಯ ಹಜಾರದಲ್ಲೋ ಚರ್ಚಿನ ಸಭಾಂಗಣದಲ್ಲೋ ಕೂಡಿ ಅಭ್ಯಾಸ ಮಾಡುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಅವರನ್ನು ಕೇಳಲು ಬರುವವರು ಮನೆಯವರು, ಮಿತ್ರರು ಅಷ್ಟೇ. ಕ್ರಿಸ್ಮಸ್ ಸಂಜೆಯಂದು ಮಾತ್ರ ಊರಿಗೆ ಊರೇ ನೆರೆಯುತ್ತದೆ.

ಪ್ರಿಯ ವಾಚಕರೇ, ದೂರದ ದೇಶಗಳ ಈ ಪದ್ಧತಿಯ ಬಗ್ಗೆ ನಾವೇಕೆ ಯೋಚಿಸಬೇಕು ಎಂದು ನೀವು ಕೇಳಬಹುದು. ಹೊರದೇಶಗಳಲ್ಲಿ ನೆಲೆಸಿದ ನಮ್ಮ ಮಕ್ಕಳು, ಬಂಧುಗಳು ಇಂತಹ ಸಭೆಗಳಲ್ಲಿ ಕೂರುತ್ತಾರೆ, ಕೆಲವರು ನುಡಿಸುತ್ತಾರೆ ಕೂಡ. ಧ್ವನಿಮುದ್ರಿಕೆಗಳ ಮೂಲಕ ಅದೇ ಸಂಗೀತ ನಮ್ಮ ಮನೆಗಳಿಗೂ ಬಂದಿದೆ. ನಮ್ಮ ಶಾಲೆಗಳ, ಧರ್ಮಕೇಂದ್ರಗಳ ಎಷ್ಟೋ ಕ್ಯಾರಲ್ ಸಂಜೆಗಳು ಅರಿತೋ ಅರಿಯದೆಯೋ ಅದೇ ಅಚ್ಚಿನಲ್ಲಿ ಎರಕಗೊಂಡಿವೆ. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿ ನುಡಿಸುವುದು ನಮ್ಮ ಪ್ರಭುವಿನ ಜನನದ ಹೆಸರಿನಲ್ಲಿ. ಆದುದರಿಂದ ಆ ಸಂಗೀತ ಆ ಹೆಸರಿಗೆ ತಕ್ಕುದಾಗಿದೆಯೇ ಎಂದು ಕೇಳುವ ಹಕ್ಕು ವಿಶ್ವಾಸಿಗಳಾದ ನಮಗಿದೆ.

ಇಂತಹ ಸಭೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಬರ್ಲಿನ್ ಅಥವಾ ವಿಯೆನ್ನಾದ ವೃತ್ತಿಕಲಾವಿದರ ಮಟ್ಟವನ್ನು ಗುಮಾಸ್ತರ, ದಾದಿಯರ ಮೇಳದಲ್ಲಿ ಹುಡುಕುವುದು ಅನ್ಯಾಯ. ಹಾಗೆಂದು, ಹಬ್ಬದ ಸಂಜೆ, ನಮ್ಮವರೇ ನುಡಿಸಿದರು, ಚೆನ್ನಾಗಿತ್ತು ಎಂದು ಚಪ್ಪಾಳೆ ತಟ್ಟಿ ಎದ್ದುಬರುವುದೂ ವಿಮರ್ಶೆಯಲ್ಲ. ಅಳತೆಗೋಲನ್ನು ಕ್ರಿಸ್ಮಸ್ಸಿನ ಕಥನದಿಂದಲೇ ಪಡೆಯಬೇಕೆಂದು ನನಗನ್ನಿಸುತ್ತದೆ. ಸಂತ ಲೂಕರು ಬರೆದಿರುವ ಜನನವೃತ್ತಾಂತ ಬಹುಮಟ್ಟಿಗೆ ಸ್ಥಳದ ವೃತ್ತಾಂತ. ಛತ್ರದಲ್ಲಿ ತಾಯಿ ಮಗುವಿಗೆ ಎಡೆ ಸಿಗಲಿಲ್ಲ, ಗೋದಲಿ ಎಡೆಮಾಡಿಕೊಟ್ಟಿತು. ಸುದ್ದಿ ಮೊದಲು ಮುಟ್ಟಿದ್ದು ಊರ ಹೊರಗಿನ ಬಯಲಿನಲ್ಲಿದ್ದ ಕುರುಬರಿಗೆ. ಆದುದರಿಂದ ಕ್ರಿಸ್ಮಸ್ ಸಂಗೀತವನ್ನು ಕುರಿತು ಕೇಳಬೇಕಾದ ಪ್ರಶ್ನೆ ಇದು: ಈ ಸಂಗೀತ ಯಾರಿಗೆ ಎಡೆಮಾಡಿಕೊಡುತ್ತದೆ? ಕೈ ಇನ್ನೂ ಪಳಗದ ವಾದಕನಿಗೆ, ಮೌನವಾಗಿ ಕುಳಿತ ಕೇಳುಗನಿಗೆ, ಚೀಟಿ ಕೊಳ್ಳಲಾರದೆ ಹೊರಗೆ ನಿಂತ ಬಡವನಿಗೆ?

ಸಾಮಾನ್ಯವಾಗಿ ಈ ಸಭೆಗಳಲ್ಲಿ ಏನು ನುಡಿಸುತ್ತಾರೆಂಬುದನ್ನು ಮೊದಲು ನೋಡೋಣ. ರಷ್ಯಾದ ಚೈಕೋವ್‌ಸ್ಕಿಯ 'ನಟ್‌ಕ್ರ್ಯಾಕರ್' ನೃತ್ಯರೂಪಕದ ಕೆಲವು ಭಾಗಗಳು, ಅಮೆರಿಕದ ಲೆರಾಯ್ ಆ್ಯಂಡರ್ಸನ್ನನ 'ಸ್ಲೇ ರೈಡ್', ಹ್ಯಾಂಡೆಲನ 'ಮೆಸ್ಸೀಯ' ಕೃತಿಯಿಂದ ಅಲ್ಲೆಲೂಯ ವೃಂದಗಾನ, ಹಳೆಯ ಇಟಲಿಯ ಸಂಗೀತದ ಒಂದು ತುಣುಕು, ಕೊನೆಗೆ ಎಲ್ಲರೂ ಸೇರಿ ಹಾಡುವ ಕೆಲವು ಕ್ಯಾರಲ್‌ಗಳು. ಊರು ಬೇರೆಯಾದರೂ ಪಟ್ಟಿ ಹೆಚ್ಚು ಬದಲಾಗುವುದಿಲ್ಲ.

'ನಟ್‌ಕ್ರ್ಯಾಕರ್' ಮೊದಲು ರಂಗವನ್ನೇರಿದ್ದು 1892ರ ಡಿಸೆಂಬರ್ 18ರಂದು, ಸೇಂಟ್ ಪೀಟರ್ಸ್‌ಬರ್ಗಿನ ಮಾರಿಯಿನ್‌ಸ್ಕಿ ರಂಗಮಂದಿರದಲ್ಲಿ. ಕ್ರಿಸ್ಮಸ್ ಹಿಂದಿನ ಸಂಜೆ ಶ್ರೀಮಂತರ ಮನೆಯೊಂದರ ಔತಣದಲ್ಲಿ ಅದರ ಕಥೆ ಆರಂಭವಾಗುತ್ತದೆ. ಅಲಂಕೃತ ವೃಕ್ಷವುಂಟು, ಉಡುಗೊರೆಗಳುಂಟು, ಸಿಹಿತಿಂಡಿಗಳ ನಾಡುಂಟು, ಗೋದಲಿಯಿಲ್ಲ. ಇನ್ನು 'ಸ್ಲೇ ರೈಡ್' ಹುಟ್ಟಿದ ಬಗೆಯಂತೂ ಸೋಜಿಗದ್ದು. ಆ್ಯಂಡರ್ಸನ್ ಅದನ್ನು ಬರೆಯತೊಡಗಿದ್ದು 1946ರ ಬಿರುಬೇಸಿಗೆಯಲ್ಲಿ. ಬಾಸ್ಟನ್ ಪಾಪ್ಸ್ ವಾದ್ಯವೃಂದ ಅದನ್ನು ಮೊದಲು ನುಡಿಸಿದ್ದು 1948ರ ಮೇ ತಿಂಗಳಲ್ಲಿ. ಹಿಮದ ಮೇಲೆ ಜಾರುಬಂಡಿಯ ಓಟ, ಕುದುರೆಯ ಗೊರಸಿನ ಸದ್ದು, ಚಾವಟಿಯ ಛಟೀರ್ ಸದ್ದು, ಕೊನೆಯಲ್ಲಿ ಟ್ರಂಪೆಟ್ಟಿನಿಂದ ಹೊರಡುವ ಕುದುರೆಯ ಕೆನೆತ ಅದರಲ್ಲಿವೆ. ಕ್ರಿಸ್ತಜನನದ ಸುಳಿವು ಅದರಲ್ಲಿ ಎಲ್ಲಿಯೂ ಇಲ್ಲ.

ಇವುಗಳನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಚೈಕೋವ್‌ಸ್ಕಿಯ ವಾದ್ಯಪ್ರಜ್ಞೆ ಅಸಾಧಾರಣವಾದುದು. ಮಕ್ಕಳು ಕುದುರೆಯ ಕೆನೆತ ಕೇಳಿ ನಕ್ಕರೆ ಆ ನಗುವೂ ದೇವರ ವರವೇ. ಆದರೆ ಒಂದು ಮಾತನ್ನು ಹೇಳಲೇಬೇಕು. ಈ ಎರಡೂ ಕೃತಿಗಳನ್ನು ಬರೆದದ್ದು ನುರಿತ ವೃತ್ತಿಕಲಾವಿದರಿಗಾಗಿ. ಒಂದೊಂದು ವಾದ್ಯಕ್ಕೂ ಚುರುಕಾದ, ಬಯಲಿಗೆ ಬಿದ್ದ, ತಪ್ಪಿದರೆ ಮುಚ್ಚಿಡಲಾಗದ ನುಡಿಗಳನ್ನು ಅವು ಕೊಡುತ್ತವೆ. ಆದುದರಿಂದ ಜನವಾದ್ಯವೃಂದ ಇವುಗಳಿಗೆ ಕೈಹಾಕಿದಾಗ ಬಹಳ ಸಲ ಎರಡರಲ್ಲೊಂದಾಗುತ್ತದೆ. ಒಂದೋ ಮೇಳದ ಹಿಂದಿನ ಸಾಲಿನವರು ಬಿಲ್ಲನ್ನು ತಂತಿಗೆ ಮುಟ್ಟಿಸಿದಂತೆ ಮಾಡಿ ಸುಮ್ಮನಿರುತ್ತಾರೆ. ಇಲ್ಲವೇ ಆ ಒಂದು ಸಂಜೆಗಾಗಿ ಹೊರಗಿನಿಂದ ಹಣ ಕೊಟ್ಟು ಕಲಾವಿದರನ್ನು ಕರೆತರುತ್ತಾರೆ, ವರ್ಷವಿಡೀ ಅಭ್ಯಾಸಕ್ಕೆ ಬಂದವರು ಹಿಂದಕ್ಕೆ ಸರಿಯುತ್ತಾರೆ. ಛತ್ರ ತುಂಬುತ್ತದೆ, ಮನೆಮಂದಿಗೇ ಎಡೆ ಇಲ್ಲವಾಗುತ್ತದೆ.

ಇದಕ್ಕೆ ವ್ಯತಿರಿಕ್ತವಾದ ಕೃತಿಯೊಂದು ಅದೇ ಪಟ್ಟಿಯಲ್ಲಿ, ಸಾಮಾನ್ಯವಾಗಿ ಆರಂಭದಲ್ಲಿ, ಅಷ್ಟಾಗಿ ಯಾರ ಗಮನಕ್ಕೂ ಬಾರದೆ ಕುಳಿತಿರುತ್ತದೆ. ಅದು ಇಟಲಿಯ ಆರ್ಕಾಂಜೆಲೊ ಕೊರೆಲ್ಲಿಯ 'ಕ್ರಿಸ್ಮಸ್ ಕಾನ್ಚೆರ್ಟೊ'. ರೋಮಿನಲ್ಲಿ ಬಾಳಿದ ಕೊರೆಲ್ಲಿ 1713ರಲ್ಲಿ ತೀರಿಕೊಂಡ. ಅವನ ಆರನೆಯ ಕೃತಿಸಂಪುಟ ಮರುವರ್ಷ, 1714ರಲ್ಲಿ ಪ್ರಕಟವಾಯಿತು. ಹನ್ನೆರಡು ರಚನೆಗಳುಳ್ಳ ಆ ಸಂಪುಟದ ಎಂಟನೆಯದನ್ನು ಕ್ರಿಸ್ತಜಯಂತಿಯ ರಾತ್ರಿಗಾಗಿ ರಚಿಸಿದ್ದೆಂದು ಅವನೇ ಗುರುತಿಸಿದ್ದಾನೆ.

ಇದರ ಕಟ್ಟಡವನ್ನು ಸ್ವಲ್ಪ ಗಮನಿಸಿ. ಮೇಳ ಎರಡು ಗುಂಪಾಗಿರುತ್ತದೆ. ಎರಡು ಪಿಟೀಲು, ಒಂದು ಚೆಲ್ಲೊ ಸೇರಿದ ಮೂವರದು ಚಿಕ್ಕ ಗುಂಪು. ಉಳಿದವರದೆಲ್ಲ ದೊಡ್ಡ ಗುಂಪು. ಕಠಿಣವಾದ ನುಡಿಗಳು ಮೂವರ ಪಾಲಿಗೆ, ಉಳಿದವರದು ಸರಳ. ಮೂವರು ಮುಂದೆ ನಡೆದಾಗ ಇತರರು ಕೇಳುತ್ತಾರೆ. ಅವರು ಮಾತು ಮುಗಿಸುತ್ತಿದ್ದಂತೆ ಎಲ್ಲರೂ ಒಟ್ಟಾಗಿ ಅದನ್ನು ಎತ್ತಿಹಿಡಿಯುತ್ತಾರೆ. ಬಲ್ಲವರು ಕಡಿಮೆ ಬಲ್ಲವರನ್ನು ಮರೆಮಾಡುವುದಿಲ್ಲ, ಕೈಹಿಡಿದು ನಡೆಸುತ್ತಾರೆ. ಕಲಿತು ಎರಡು ಮೂರು ವರ್ಷವಾದ ಬಾಲಕನೂ ಅದರಲ್ಲಿ ನಾಚಿಕೆಯಿಲ್ಲದೆ ತನ್ನ ಪಾಲನ್ನು ನುಡಿಸಬಲ್ಲ. ಅವನ ಆ ಸರಳ ಸ್ವರಗಳಿಲ್ಲದಿದ್ದರೆ ಮೂವರ ಚಾತುರ್ಯಕ್ಕೆ ನೆಲೆಯೇ ಇಲ್ಲ.

ಈ ರಚನೆಯ ಆರಂಭದ ನಿಧಾನ ಭಾಗದಲ್ಲಿ ಕೊರೆಲ್ಲಿ ವಾದಕರಿಗೊಂದು ಸೂಚನೆ ಬರೆದಿದ್ದಾನೆ. ಬಿಲ್ಲನ್ನು ನೀಳವಾಗಿ, ಸ್ವರ ಕಡಿಯದಂತೆ ಎಳೆಯಬೇಕು, ಬರೆದುದನ್ನು ಬರೆದಂತೆಯೇ ನುಡಿಸಬೇಕು ಎಂಬುದು ಅದರ ತಾತ್ಪರ್ಯ. ಬರೆದ ಸ್ವರಗಳಿಗೆ ಸ್ವಂತ ಅಲಂಕಾರ ಸೇರಿಸುವುದೇ ವಾದಕನ ಹಿರಿಮೆಯೆನಿಸಿದ್ದ ಆ ಕಾಲದಲ್ಲಿ ಇದು ದೊಡ್ಡ ಸಂಯಮದ ಮಾತು. ಆಗಮನ ಕಾಲದ ನಾಲ್ಕು ವಾರಗಳ ಕಾಯುವಿಕೆ ಆ ನಿಧಾನದಲ್ಲಿದೆ. ಕೊನೆಯದು 'ಪಾಸ್ಟೊರಾಲೆ', ಎಂದರೆ ಕುರುಬರ ಸಂಗೀತ. ಆಗಮನ ಕಾಲದಲ್ಲಿ ಇಟಲಿಯ ಬೆಟ್ಟಸೀಮೆಯ ಕುರುಬರು ರೋಮಿಗೆ ಇಳಿದುಬಂದು, ಬೀದಿಯ ಮಾತೆ ಮರಿಯಮ್ಮನವರ ಗೂಡುಗಳ ಮುಂದೆ ನಿಂತು ವಾದ್ಯ ನುಡಿಸುವ ವಾಡಿಕೆಯಿತ್ತು. ಒಬ್ಬನ ಕೈಯಲ್ಲಿ ನಮ್ಮ ಓಲಗದ ಜಾತಿಯ ಸಣ್ಣ ವಾದ್ಯ. ಇನ್ನೊಬ್ಬನ ಬಗಲಲ್ಲಿ ಗಾಳಿ ತುಂಬಿದ ತೊಗಲ ಚೀಲದ ವಾದ್ಯ. ಚೀಲದಿಂದ ನಮ್ಮ ಶ್ರುತಿಪೆಟ್ಟಿಗೆಯಂತೆ ಒಂದೇ ಸ್ವರ ಎಡೆಬಿಡದೆ ಹೊಮ್ಮುತ್ತದೆ; ಅದರ ಮೇಲೆ ರಾಗ ತೊಟ್ಟಿಲಿನಂತೆ ತೂಗುತ್ತದೆ. ಕೊರೆಲ್ಲಿಯ ಪಿಟೀಲುಗಳು ಆ ಬೆಟ್ಟದ ವಾದ್ಯಗಳ ದನಿಯನ್ನೇ ಅನುಸರಿಸುತ್ತವೆ. ಕಾರ್ಡಿನಲ್ಲರ ಅರಮನೆಯ ಆಶ್ರಯದಲ್ಲಿದ್ದ ಸಂಗೀತಗಾರ ಬೀದಿಯ ಕುರುಬನ ಶ್ರುತಿಯನ್ನು ಅರಮನೆಯೊಳಕ್ಕೆ ಕರೆದೊಯ್ದ. ಆರ್ಭಟವಿಲ್ಲದೆ, ಮಲಗಿದ ಮಗುವನ್ನು ಎಬ್ಬಿಸಬಾರದೆಂಬಂತೆ ಕೃತಿ ಮುಗಿಯುತ್ತದೆ. ಇಂತಹ ರಚನೆಯನ್ನು ಸಭಿಕರು ಕುರ್ಚಿ ಹುಡುಕುತ್ತಿರುವಾಗ ಅವಸರದಲ್ಲಿ ನುಡಿಸಿ ಮುಗಿಸುವುದು ದೊಡ್ಡ ನಷ್ಟ.

ಹ್ಯಾಂಡೆಲನ 'ಮೆಸ್ಸೀಯ' ಕೃತಿಗೆ ಬರೋಣ. 1741ರ ಆಗಸ್ಟ್ 22ರಿಂದ ಸೆಪ್ಟೆಂಬರ್ 14ರವರೆಗೆ, ಇಪ್ಪತ್ತನಾಲ್ಕು ದಿನಗಳಲ್ಲಿ ಅವನು ಇದನ್ನು ರಚಿಸಿದ. ಮಾತುಗಳನ್ನು ಪವಿತ್ರ ಗ್ರಂಥದಿಂದ ಆಯ್ದು ಜೋಡಿಸಿಕೊಟ್ಟವನು ಚಾರ್ಲ್ಸ್ ಜೆನೆನ್ಸ್. ಕೃತಿಯಲ್ಲಿ ಮೂರು ಭಾಗಗಳಿವೆ. ಮೊದಲನೆಯದರಲ್ಲಿ ಪ್ರವಾದನೆ ಹಾಗೂ ಜನನ. ಎರಡನೆಯದರಲ್ಲಿ ಯಾತನೆ, ಮರಣ, ಪುನರುತ್ಥಾನ, ಶುಭಸಂದೇಶದ ಪ್ರಸಾರ. ಮೂರನೆಯದರಲ್ಲಿ ಮೃತರ ಪುನರುತ್ಥಾನದ ಭರವಸೆ. ಕ್ರಿಸ್ಮಸ್ ಸಭೆಗಳಲ್ಲೆಲ್ಲ ಮೊಳಗುವ ಅಲ್ಲೆಲೂಯ ಇರುವುದು ಎರಡನೆಯ ಭಾಗದ ತುದಿಯಲ್ಲಿ. ಶಿಲುಬೆಯ ಅವಮಾನ, ಜನಾಂಗಗಳ ದಂಗೆ, ಅರಸರ ಒಳಸಂಚು ಎಲ್ಲ ಕಳೆದ ಮೇಲೆ ಬರುವ ಜಯಘೋಷ ಅದು. ನಾವು ತಪಸ್ಸು ಕಾಲದುದ್ದಕ್ಕೂ ಅಲ್ಲೆಲೂಯ ಹಾಡದೆ ನಾಲಿಗೆಯನ್ನು ತಡೆದು ಪಾಸ್ಖದ ರಾತ್ರಿ ಅದನ್ನು ಬಿಡುಗಡೆ ಮಾಡುತ್ತೇವಲ್ಲವೇ? ಹ್ಯಾಂಡೆಲನ ಮನಸ್ಸೂ ಅದೇ ದಾರಿಯಲ್ಲಿ ನಡೆದಿದೆ. ಕೃತಿಯ ಮೊದಲಿನಿಂದ ಅಲ್ಲಿಯತನಕ ನಗಾರಿಗಳು ಒಂದು ಪೆಟ್ಟನ್ನೂ ಹೊಡೆಯದೆ ಮೌನವಾಗಿರುತ್ತವೆ. ನೋವಿನ ಹಾದಿಯನ್ನು ಸವೆಸಿ ಬಂದವನಿಗೆ ಮಾತ್ರ ಆ ಪೆಟ್ಟಿನ ಬೆಲೆ ತಿಳಿಯುತ್ತದೆ. ಹಾದಿಯನ್ನು ಬಿಟ್ಟು ಪೆಟ್ಟನ್ನಷ್ಟೇ ಕೇಳಿಸುವುದು ಉಪವಾಸವಿಲ್ಲದ ಹಬ್ಬದೂಟದಂತೆ.

ಅಲ್ಲೆಲೂಯ ಕೇಳಿಬಂದೊಡನೆ ಸಭಿಕರು ಎದ್ದು ನಿಲ್ಲುವ ಪದ್ಧತಿಯುಂಟು. ಇಂಗ್ಲೆಂಡಿನ ಎರಡನೆಯ ಜಾರ್ಜ್ ದೊರೆ ಭಾವಪರವಶನಾಗಿ ಎದ್ದುನಿಂತನೆಂಬುದು ಅದಕ್ಕೆ ಕೊಡುವ ಕಾರಣ. ಆ ಕಥೆಗೆ ಸಮಕಾಲೀನ ದಾಖಲೆಯಿಲ್ಲ. ದೊರೆ ನಿಂತನೆಂದು ನಾವೂ ನಿಲ್ಲುವುದಕ್ಕಿಂತ, ಯಾರ ಜಯವನ್ನು ಹಾಡುತ್ತಿದ್ದಾರೆಂದು ತಿಳಿದು ನಿಲ್ಲುವುದು ಲೇಸು.

ಜನನದ ಸಂಗೀತ ಬೇಕೆಂದರೆ ಅದು ಮೊದಲ ಭಾಗದಲ್ಲಿಯೇ ಇದೆ. ಯೌವನದಲ್ಲಿ ರೋಮಿನಲ್ಲಿದ್ದು ಕೊರೆಲ್ಲಿಯ ಒಡನಾಟ ಕಂಡಿದ್ದ ಹ್ಯಾಂಡೆಲ್, ಅಲ್ಲಿನ ಕುರುಬರ ವಾದ್ಯದ ಹೆಸರಿನಿಂದಲೇ 'ಪಿಫಾ' ಎಂದು ಕರೆದು ಒಂದು ಪುಟ್ಟ ವಾದ್ಯಸಂಗೀತವನ್ನು ಇಟ್ಟಿದ್ದಾನೆ. ಅದಾದ ಮೇಲೆ ದೇವದೂತರ ಗಾನ. ಮೊಟ್ಟಮೊದಲು ಟ್ರಂಪೆಟ್‌ಗಳು ಕೇಳಿಸುವುದು ಇಲ್ಲಿಯೇ. ಅವುಗಳಿಗೆ ಹ್ಯಾಂಡೆಲ್ ಬರೆದ ಸೂಚನೆಯ ಅರ್ಥ, ದೂರದಿಂದ, ತುಸು ಮೆಲ್ಲಗೆ ಎಂದು. ಗಾನ ಮುಗಿದ ಮೇಲೆ ಪಿಟೀಲುಗಳು ಮೆಲ್ಲಮೆಲ್ಲಗೆ ಕ್ಷೀಣಿಸಿ ನಿಲ್ಲುತ್ತವೆ; ದೂತರು ಮರಳಿದರು, ಬಯಲಿನಲ್ಲಿ ಕುರುಬರಷ್ಟೇ ಉಳಿದರು. ಎಷ್ಟು ಸರಳ, ಎಷ್ಟು ಸತ್ಯವಾದ ಚಿತ್ರ! ಜನವಾದ್ಯವೃಂದದ ಶಕ್ತಿಗೂ ಇದು ಮೀರಿದ್ದಲ್ಲ. ಇದನ್ನು ಬಿಟ್ಟು ಹೆಚ್ಚು ಸದ್ದಿನದನ್ನೇ ಆರಿಸಿಕೊಳ್ಳುವುದು ಸಂಗೀತದ ದೃಷ್ಟಿಯಿಂದಲೂ ವಿಶ್ವಾಸದ ದೃಷ್ಟಿಯಿಂದಲೂ ಬಡ ಆಯ್ಕೆ.

'ಮೆಸ್ಸೀಯ' ಮೊದಲು ಯಾರಿಗಾಗಿ ಮೊಳಗಿತೆಂಬುದನ್ನೂ ಮರೆಯಬಾರದು. ಐರ್ಲೆಂಡಿನ ಡಬ್ಲಿನ್ ನಗರದ ಫಿಶಾಂಬಲ್ ಬೀದಿಯ ಸಂಗೀತಶಾಲೆಯಲ್ಲಿ 1742ರ ಏಪ್ರಿಲ್ 13ರಂದು ಅದರ ಪ್ರಥಮ ಪ್ರದರ್ಶನ ನಡೆಯಿತು. ಅದು ತಪಸ್ಸು ಕಾಲ, ಕ್ರಿಸ್ಮಸ್ಸಲ್ಲ. ನಗರದ ಎರಡು ಮಹಾದೇವಾಲಯಗಳ ಗಾಯಕರೇ ಅಲ್ಲಿ ಹಾಡಿದವರು. ಕೂಡಿದ ಹಣ ಎರಡು ಆಸ್ಪತ್ರೆಗಳಿಗೂ ಸಾಲ ತೀರಿಸಲಾಗದೆ ಸೆರೆಯಲ್ಲಿದ್ದವರ ಬಿಡುಗಡೆಗೂ ಹಂಚಿಕೆಯಾಯಿತು. ಆ ಹಣದಿಂದ 142 ಮಂದಿ ಸೆರೆಯಿಂದ ಹೊರಬಂದರು. ಜನ ಹೆಚ್ಚು ಬರುವ ನಿರೀಕ್ಷೆಯಿದ್ದುದರಿಂದ ಸ್ತ್ರೀಯರು ಅಗಲವಾದ ಬಳೆಯಂಚಿನ ಲಂಗ ತೊಡದೆ, ಪುರುಷರು ಕತ್ತಿ ಧರಿಸದೆ ಬರಬೇಕೆಂದು ಪತ್ರಿಕೆಗಳಲ್ಲಿ ವಿನಂತಿ ಪ್ರಕಟವಾಗಿತ್ತು. ಸೆರೆಯವರಿಗೆ ಬಿಡುಗಡೆ ಸಿಗಲೆಂದು ಸಿರಿವಂತರು ತಮ್ಮ ಲಂಗದ ಸುತ್ತಳತೆಯನ್ನು ಕಿರಿದು ಮಾಡಿಕೊಂಡರು. ಎಡೆಮಾಡಿಕೊಡುವುದೆಂದರೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕೇ? ಮುಂದೆ 1750ರಿಂದ ಲಂಡನ್ನಿನಲ್ಲಿ ತೊರೆದುಹೋದ ಶಿಶುಗಳನ್ನು ಸಾಕುವ 'ಫೌಂಡ್ಲಿಂಗ್ ಹಾಸ್ಪಿಟಲ್' ಎಂಬ ಆಶ್ರಮದ ಪ್ರಾರ್ಥನಾಲಯದಲ್ಲಿ ಹ್ಯಾಂಡೆಲ್ ಆ ಮಕ್ಕಳಿಗಾಗಿ ಇದನ್ನು ಮತ್ತೆ ಮತ್ತೆ ನಡೆಸಿದ. ಕೃತಿಯ ಒಂದು ಪ್ರತಿಯನ್ನು ಮರಣಶಾಸನದಲ್ಲಿ ಆ ಆಶ್ರಮಕ್ಕೇ ಬರೆದಿಟ್ಟ. ತಾಯಿಯ ಮಡಿಲು ತಪ್ಪಿದ ಮಕ್ಕಳಿಗೆ ಆ ಸಂಗೀತವೇ ಅನ್ನವಾಯಿತು.

ಇಂದಿಗೂ ಅಮೆರಿಕದ ಕ್ಯಾನ್ಸಸ್ ಪ್ರಾಂತ್ಯದ ಲಿಂಡ್ಸ್‌ಬೋರ್ಗ್ ಎಂಬ ಸಣ್ಣ ಊರಿನಲ್ಲಿ ಈ ಕೃತಿಯನ್ನು ಪವಿತ್ರ ವಾರದಲ್ಲಿ ಹಾಡುತ್ತಾರೆ. ಸ್ವೀಡನ್ನಿನಿಂದ ವಲಸೆ ಬಂದ ಬೇಸಾಯಗಾರರ ಆ ಊರಿನಲ್ಲಿ 1882ರಲ್ಲಿ ಆರಂಭವಾದ ಪದ್ಧತಿಯಿದು. ತನ್ನ ಸ್ಥಾನದಲ್ಲಿ ಇಟ್ಟು ಹಾಡಿದರೆ ಮಹಾಕೃತಿಯೊಂದು ಊರಿನ ಜನರದೇ ಸೊತ್ತಾಗಬಲ್ಲದೆಂಬುದಕ್ಕೆ ಲಿಂಡ್ಸ್‌ಬೋರ್ಗ್ ಸಾಕ್ಷಿ.

1818ರ ಕ್ರಿಸ್ಮಸ್ ಈ ದೃಷ್ಟಿಯಿಂದ ಸ್ವಾರಸ್ಯಕರವಾದುದು. ಆ ವರ್ಷದ ಡಿಸೆಂಬರ್ 25ರಂದು ಬಾಸ್ಟನ್ನಿನ 'ಹ್ಯಾಂಡೆಲ್ ಆ್ಯಂಡ್ ಹೇಡನ್ ಸೊಸೈಟಿ' ಅಮೆರಿಕದಲ್ಲಿ ಮೊದಲ ಬಾರಿಗೆ 'ಮೆಸ್ಸೀಯ'ವನ್ನು ಸಂಪೂರ್ಣವಾಗಿ ಹಾಡಿತು. ಅಲ್ಲಿನ ಕ್ರಿಸ್ಮಸ್‌ಗೂ ಈ ಕೃತಿಗೂ ಬೆಸೆದ ನಂಟಿನ ಆರಂಭಗಳಲ್ಲಿ ಅದೊಂದು. ಅದರ ಹಿಂದಿನ ರಾತ್ರಿಯೇ, ಡಿಸೆಂಬರ್ 24ರಂದು, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಹಳ್ಳಿಯ ಸಂತ ನಿಕೋಲಾಸರ ದೇವಾಲಯದಲ್ಲಿ ಯುವ ಗುರು ಜೋಸೆಫ್ ಮೋರ್ ಮತ್ತು ಶಾಲಾ ಉಪಾಧ್ಯಾಯ ಫ್ರಾನ್ಸ್ ಕ್ಸಾವರ್ ಗ್ರೂಬರ್ ಒಂದು ಹೊಸ ಹಾಡನ್ನು ಹಾಡಿದರು. ಎರಡು ಕಂಠ, ಒಂದು ಗಿಟಾರ್, ಜೊತೆಗೂಡಿದ ಹಳ್ಳಿಯ ಗಾಯಕರು; ಅಷ್ಟೇ. ಇಂದು ನಮ್ಮ ದೇವಾಲಯಗಳಲ್ಲಿಯೂ ಕನ್ನಡದಲ್ಲಿ ಹಾಡುವ 'ಸೈಲೆಂಟ್ ನೈಟ್' ಹೀಗೆ ಹುಟ್ಟಿತು. ಸಾಗರದ ಆಚೆ ದೊಡ್ಡ ನಗರದ ಮಹಾಗಾನ, ಈಚೆ ಹಳ್ಳಿಯ ಗಿಟಾರ್. ಎರಡೂ ಜನರದೇ, ಎರಡೂ ಪ್ರಭುವಿನದೇ. ಸಂಗೀತದ ಗಾತ್ರವೇ ತಪ್ಪಲ್ಲವೆಂಬುದಕ್ಕೆ ಇದನ್ನು ನೆನೆದೆ. ಆದರೆ ಗಿಟಾರಿಗೆ ಹುಟ್ಟಿದ ಹಾಡಿಗೆ ಇಂದಿನ ಸಭೆಗಳಲ್ಲಿ ಕಂಚಿನ ತಾಳ, ತುತ್ತೂರಿಗಳ ಭಾರ ಹೇರಿ, ಕೊನೆಯ ಚರಣದಲ್ಲಿ ಶ್ರುತಿಯನ್ನು ಏರಿಸಿ ಗುಡುಗಿಸುವುದನ್ನು ಕೇಳಿದಾಗ, ಶಾಂತ ರಾತ್ರಿಯ ಹಾಡಿನಿಂದ ಶಾಂತಿಯನ್ನೇ ಹೊರಹಾಕಿದಂತೆ ತೋರುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಎಲ್ಲರಿಗೂ ಎಡೆಮಾಡಿಕೊಟ್ಟರೆ ಮಟ್ಟ ಕುಸಿಯುವುದಿಲ್ಲವೇ? ಭಕ್ತಿಯ ಹೆಸರಿನಲ್ಲಿ ಅಪಶ್ರುತಿಯನ್ನು ಸಹಿಸಬೇಕೇ? ಖಂಡಿತವಾಗಿಯೂ ಸಹಿಸಬೇಕಾಗಿಲ್ಲ. ಭಕ್ತಿಯಿದ್ದರೆ ಸಾಕು, ಅಭ್ಯಾಸ ಬೇಡ ಎಂಬುದು ಸೋಮಾರಿತನದ ಮಾತು. ದೇವರಿಗೆ ಕುಂಟು ಕುರುಡು ಪ್ರಾಣಿಗಳನ್ನು ಅರ್ಪಿಸಿದವರನ್ನು ಪ್ರವಾದಿ ಮಲಾಕಿ ಗದರಿಸಿದ್ದು ನಮಗೆ ನೆನಪಿರಬೇಕು. ಉತ್ತರ ಬೇರೆ ಕಡೆ ಇದೆ. ಎಲ್ಲರಿಗೂ ಎಡೆಮಾಡಿಕೊಟ್ಟೂ ಮಟ್ಟವನ್ನು ಉಳಿಸಿಕೊಳ್ಳುವ ಕೃತಿಗಳುಂಟು. ಅವನ್ನು ಆರಿಸಿಕೊಳ್ಳುವ ವಿವೇಕ ಬೇಕು.

ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್ 1948ರಲ್ಲಿ ಹೊರತಂದ 'ಸಂತ ನಿಕೋಲಾಸ್' ಅಂತಹ ಒಂದು ಕೃತಿ. ಲ್ಯಾನ್ಸಿಂಗ್ ಕಾಲೇಜಿನ ಶತಮಾನೋತ್ಸವಕ್ಕಾಗಿ ರಚಿತವಾದ ಇದು ಆ ವರ್ಷದ ಜೂನ್ ತಿಂಗಳಲ್ಲಿ ಓಲ್ಡ್‌ಬರೊ ಎಂಬ ಕರಾವಳಿ ಪಟ್ಟಣದ ಧರ್ಮಕೇಂದ್ರದ ದೇವಾಲಯದಲ್ಲಿ ಮೊದಲು ಕೇಳಿಬಂತು. ಡಿಸೆಂಬರ್ 6ರಂದು ನಾವು ಸ್ಮರಿಸುವ, ಇಂದು ಅಂಗಡಿಗಳ ಸಾಂಟಾ ಕ್ಲಾಸ್ ಆಗಿ ರೂಪ ಕೆಟ್ಟಿರುವ ಮೀರಾ ಪಟ್ಟಣದ ಧರ್ಮಾಧ್ಯಕ್ಷರ ಬಾಳಿನ ಕಥೆಯಿದು. ಮುಖ್ಯ ಗಾಯಕ ವೃತ್ತಿಕಲಾವಿದ. ತಂತಿವಾದ್ಯಗಳ ಮುಂದಾಳುಗಳು ನುರಿತವರು. ಉಳಿದ ವಾದಕರು, ಗಾಯಕರು ಬಹುತೇಕ ಹವ್ಯಾಸಿಗಳು, ಶಾಲಾಮಕ್ಕಳು. ಕೊರೆಲ್ಲಿಯ ಹಳೆಯ ನ್ಯಾಯವೇ ಇಲ್ಲಿಯೂ ಕಾಣುತ್ತದೆ. ಬ್ರಿಟನ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದ್ದಾನೆ. ಕೃತಿಯ ನಡುವೆ ಒಮ್ಮೆ, ಕೊನೆಯಲ್ಲೊಮ್ಮೆ ಎಲ್ಲರಿಗೂ ಪರಿಚಿತವಾದ ಸ್ತುತಿಗೀತೆಯನ್ನು ಸಭಿಕರೇ ಎದ್ದು ಹಾಡಬೇಕು; ಅವರು ಹಾಡದಿದ್ದರೆ ಕೃತಿ ಪೂರ್ಣವಾಗುವುದಿಲ್ಲ. ಸುಲಭವಾದ ಪಾಲು, ಆದರೆ ಸುಳ್ಳಲ್ಲದ ಪಾಲು. ಹವ್ಯಾಸಿಗಳಿಗೆಂದು ಬರೆಯುವಾಗಲೂ ಆ ಮಹಾಸಂಗೀತಗಾರ ತನ್ನ ಕಲೆಯಲ್ಲಿ ಕಡಿಮೆ ಮಾಡಲಿಲ್ಲ.

ಸಂಗೀತಸಭೆ ದೇವಾಲಯದೊಳಗೆ ನಡೆದಾಗ ಇನ್ನೊಂದು ಹೊಣೆ ಸೇರುತ್ತದೆ. ವ್ಯಾಟಿಕನ್ನಿನ ದೈವಾರಾಧನಾ ಆಯೋಗ 1987ರ ನವೆಂಬರ್ 5ರಂದು ಈ ವಿಷಯವಾಗಿ ಒಂದು ಪತ್ರವನ್ನು ಹೊರಡಿಸಿತು. ದೇವಾಲಯವನ್ನು ಕೇವಲ ಸಾರ್ವಜನಿಕ ಸಭಾಂಗಣವೆಂದು ಎಣಿಸಬಾರದು. ಪ್ರವೇಶ ಉಚಿತವಾಗಿದ್ದು ಎಲ್ಲರಿಗೂ ತೆರೆದಿರಬೇಕು. ವಾದಕರು, ಗಾಯಕರು ಬಲಿಪೀಠದ ಪವಿತ್ರ ಸ್ಥಳವನ್ನು ವೇದಿಕೆಯಾಗಿ ಬಳಸಬಾರದು. ಸಾಧ್ಯವಾದಷ್ಟೂ ಪರಮಪ್ರಸಾದವನ್ನು ಬೇರೆ ಗೌರವಯುತ ಸ್ಥಳದಲ್ಲಿರಿಸಬೇಕು. ಕೇಳುಗರು ಸಂಗೀತವನ್ನು ಅರಿತು ಒಳಗೊಳ್ಳುವಂತೆ ವಿವರಣೆ ನೀಡಬೇಕು ಎಂಬುದು ಅದರ ಸಾರ. ಇದರಲ್ಲಿ ಉಚಿತ ಪ್ರವೇಶದ ಮಾತು ನನಗೆ ಬಹಳ ಹಿಡಿಸಿದೆ. ದೇವರ ಮನೆಯ ಬಾಗಿಲಲ್ಲಿ ಚೀಟಿ ಹರಿಯಲು ಒಬ್ಬನನ್ನು ನಿಲ್ಲಿಸಿದೊಡನೆ ಅದು ಮತ್ತೆ ಆ ಛತ್ರವೇ ಆಗುತ್ತದೆ. ಖರ್ಚಿಗೆ ಏನು ಮಾಡುವುದೆಂದು ಕೇಳಿದರೆ, ಇಷ್ಟವಿದ್ದವರು ಹಾಕಲೆಂದು ಒಂದು ಪೆಟ್ಟಿಗೆ ಇಡಬಹುದು. ಡಬ್ಲಿನ್ನಿನಂತೆ ಅದರಲ್ಲೊಂದು ಪಾಲನ್ನು ಸಂಕಟದಲ್ಲಿರುವವರಿಗೆ ಮೀಸಲಿಟ್ಟರೆ ಆ ಸಂಜೆಯ ಸಂಗೀತ ಮರುದಿನವೂ ಕೇಳಿಸುತ್ತಿರುತ್ತದೆ.

ಈಗ ಧರ್ಮಕೇಂದ್ರದ ಕುಟುಂಬಗಳಾದ ನಿಮ್ಮಲ್ಲಿ ಕೆಲವು ಮಾತುಗಳು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಆರಾಧನೆಯಲ್ಲಿ ಎಲ್ಲರ ಸಕ್ರಿಯ ಪಾಲ್ಗೊಳ್ಳುವಿಕೆಯನ್ನು ಎತ್ತಿಹಿಡಿಯಿತು. ಜನರ ಸ್ವಂತ ಸಂಗೀತ ಪರಂಪರೆಗೆ ಯೋಗ್ಯ ಸ್ಥಾನ ಕೊಡಬೇಕೆಂದಿತು. ನಮ್ಮ ಕ್ಯಾರಲ್ ಸಂಜೆಗಳಲ್ಲಿ ಈ ಎರಡೂ ಎಷ್ಟರಮಟ್ಟಿಗೆ ನೆರವೇರಿವೆ? ಕೀಬೋರ್ಡಿನ ಗುಂಡಿಯೊತ್ತಿದರೆ ತಬಲವೂ ಕೇಳುತ್ತದೆ, ಕೊಳಲೂ ಕೇಳುತ್ತದೆ. ಆದರೆ ಹಿಂದೆ ತಬಲ ನುಡಿಸುತ್ತಿದ್ದ ಅಣ್ಣ, ಕೊಳಲೂದುತ್ತಿದ್ದ ಹುಡುಗ ಈಗ ಎಲ್ಲಿ ಕುಳಿತಿದ್ದಾರೆ? ಸ್ಪರ್ಧೆಯ ಬಹುಮಾನಕ್ಕಾಗಿ ನಾಲ್ಕೇ ಇಂಪಾದ ಕಂಠಗಳನ್ನು ಆರಿಸಿ ಉಳಿದ ಮಕ್ಕಳನ್ನು ಬೆಂಚಿಗೆ ಕಳುಹಿಸಿದಾಗ ಕ್ರಿಸ್ಮಸ್ಸಿನ ಅರ್ಥ ಆ ಮಕ್ಕಳಿಗೆ ಹೇಗೆ ತಿಳಿದೀತು? ಚೆನ್ನಾಗಿ ಹಾಡುವವರಿಗೆ ಕಠಿಣ ಚರಣವನ್ನು ಕೊಡಿ, ಉಳಿದವರಿಗೆ ಪಲ್ಲವಿಯನ್ನು ಕೊಡಿ, ಪಲ್ಲವಿಯಿಲ್ಲದ ಹಾಡುಂಟೇ? ಹಾರ್ಮೋನಿಯಂ ಇರಲಿ, ಪಿಟೀಲು ಇರಲಿ, ಬಾರಿಸಬಲ್ಲವರಿದ್ದರೆ ಡೋಲೂ ಇರಲಿ. ಅಕ್ಟೋಬರದಲ್ಲಿಯೇ ಅಭ್ಯಾಸ ಆರಂಭಿಸಿ. ಹತ್ತು ಹಾಡುಗಳ ಬದಲು ಐದನ್ನು ಆರಿಸಿಕೊಂಡು ಶ್ರುತಿಶುದ್ಧವಾಗಿ ಹಾಡಿ. ಅವುಗಳಲ್ಲಿ ಒಂದಾದರೂ ಕಾಯುವಿಕೆಯ ಹಾಡಾಗಿರಲಿ, ಒಂದಾದರೂ ಎಲ್ಲರೂ ದನಿಗೂಡಿಸಬಲ್ಲದ್ದಾಗಿರಲಿ.

ಯಾವ ಊರಿನ ಯಾವ ಸಭೆಯಲ್ಲಿ ಕುಳಿತಿದ್ದರೂ ಮೊದಲ ಸಾಲಿನ ಪಿಟೀಲುಗಾರನನ್ನು ನೋಡಿದಷ್ಟೇ ಪ್ರೀತಿಯಿಂದ ಕೊನೆಯ ಸಾಲಿನವನನ್ನೂ ನೋಡಿರಿ. ಅವನು ನಿಜವಾಗಿ ನುಡಿಸುತ್ತಿದ್ದಾನೆಯೇ, ಅವನ ಸ್ವರ ಸಂಗೀತಕ್ಕೆ ಬೇಕಾಗಿದೆಯೇ ಎಂದು ಗಮನಿಸಿರಿ. ಬೇಕಾಗಿದೆಯೆಂದಾದರೆ ಸಣ್ಣಪುಟ್ಟ ತಪ್ಪುಗಳ ನಡುವೆಯೂ ಅದು ಕ್ರಿಸ್ಮಸ್ ಸಂಗೀತವೇ ಸರಿ. ಅಂದು ಕುರುಬರು ತಮ್ಮ ಕಾವಲನ್ನು ಬಿಟ್ಟು ಅವಸರದಿಂದ ಬೆತ್ಲೆಹೇಮಿಗೆ ಬಂದಾಗ ಅವರ ಕೈಯಲ್ಲಿ ಚಿನ್ನವಿರಲಿಲ್ಲ. ಅವರನ್ನು ಗೋದಲಿಯ ಬಾಗಿಲಲ್ಲಿ ಯಾರೂ ತಡೆಯಲೂ ಇಲ್ಲ. ಬರಲಿರುವ ಕ್ರಿಸ್ತಜಯಂತಿಯಂದು ನಮ್ಮ ಹಾಡುಗಳ ಬಾಗಿಲೂ ಹಾಗೆಯೇ ತೆರೆದಿರಲಿ.